ಪ್ರೋಖೊರನ ಎಡಗಣ್ಣು

ಪ್ರೋಖೊರ್ ಲಾಪ್ಟೆವ್ ಐಸ್ ಹಾಕಿಯಲ್ಲಿ ಎರಡು ಸಲ ವಿಶ್ವ ಚಾಂಪಿಯನ್ ಆದವನು. ನಮ್ಮ ವೆರ್ಖ್ನಿ ಯಾರ್ ಊರಿನಲ್ಲಿ ಮಾತ್ರ ಅದನ್ನು ಯಾರೂ ಎತ್ತಿ ಆಡುತ್ತಿರಲಿಲ್ಲ. ಅವನೇ ಆ ಮಾತು ಎತ್ತಲು ಬಿಡುತ್ತಿರಲಿಲ್ಲ. ಬ್ರೆಡ್ಡಿನ ಸಾಲಿನಲ್ಲಿ ಯಾರಾದರೂ "ಮುಂದೆ ಬನ್ನಿ ಪ್ರೋಖೊರ್ ಇಲ್ಯಿಚ್" ಎಂದರೆ, "ಯಾಕೆ, ಚಾಂಪಿಯನ್‌ಗೆ ಹಸಿವು ಜಾಸ್ತಿನಾ?" ಎಂದು ನಿಂತಲ್ಲೇ ನಿಲ್ಲುತ್ತಿದ್ದ.

ನಾನು ಅರ್ಕಾದಿ. ಹನ್ನೊಂದು ವರ್ಷ ಅವನ ಜೊತೆ ರಕ್ಷಣೆಯಲ್ಲಿ ಆಡಿದವನು. ಎಡಬದಿ ಅವನದು, ಬಲಬದಿ ನನ್ನದು. ಅವನ ಎಡಗಣ್ಣು ಹೋದದ್ದು ನನ್ನ ಹೊಡೆತದಿಂದ.

ಅವನ ಅಪ್ಪ ಯುದ್ಧದಿಂದ ಮರಳಲಿಲ್ಲ. ಅಮ್ಮ ಅಗ್ಲಾಯ ಉಕ್ಕಿನ ಕಾರ್ಖಾನೆಯಲ್ಲಿ ಕ್ರೇನ್ ನಡೆಸುತ್ತಿದ್ದಳು. ಕುರಿಯುಣ್ಣೆಯ ಬೂಟಿಗೆ ಹಗ್ಗದಿಂದ ಕಬ್ಬಿಣದ ಪಟ್ಟಿ ಕಟ್ಟಿಕೊಂಡು, ಹಳೆಯ ಬೂಟಿನ ಹಿಮ್ಮಡಿಯನ್ನೇ ಚೆಂಡಿನ ಬದಲು ಹೊಡೆಯುವ ಬಿಲ್ಲೆ ಮಾಡಿಕೊಂಡು ಅವನು ಹೊಳೆಯ ಮೇಲೆ ಆಡಿ ಬೆಳೆದ. ಹದಿನಾರಕ್ಕೆ ಕಾರ್ಖಾನೆಯ ಎರಕದ ಶೆಡ್ ಸೇರಿದ. ಕಾರ್ಖಾನೆಯ ತಂಡದ ತರಬೇತುದಾರ ವೆನಿಯಮಿನ್ ಕಾರ್ಲೊವಿಚ್ ಅವನನ್ನು ಮೊದಲ ಸಲ ಕಂಡದ್ದು ಅದೇ ಚಳಿಗಾಲದಲ್ಲಿ. "ಹಿಂದಕ್ಕೆ ಹೀಗೆ ಜಾರೋದು ಯಾರೋ ಕಲಿಸಿದ್ದು?" ಎಂದು ಕೇಳಿದ.

"ಹೊಳೆ. ಮುಂದೆ ಐಸ್ ಬಿರುಕು ಬಿಟ್ರೆ ತಿರುಗೋಕೆ ಟೈಮ್ ಎಲ್ಲಿರತ್ತೆ?"

ಇಪ್ಪತ್ತಮೂರಕ್ಕೆ ಅವನು ದೇಶದ ತಂಡದಲ್ಲಿದ್ದ, ಇಪ್ಪತ್ತೈದಕ್ಕೆ ಮೊದಲ ಚಿನ್ನ ತಂದ. ಆ ಬೇಸಿಗೆ ರಾಜಧಾನಿಯ ದೊಡ್ಡ ತಂಡವೊಂದರ ಮನುಷ್ಯ ಅವರ ಮನೆಗೆ ಬಂದ. ಮೂರು ಕೋಣೆಯ ಮನೆ ಕೊಡುವುದಾಗಿ ಹೇಳಿದ. ಅಗ್ಲಾಯ ಅವನ ಮುಂದೆ ಎಲೆಕೋಸಿನ ಸೂಪು ಇಟ್ಟು, "ಮನೆ ಸರಿ. ಅಲ್ಲಿ ನಂಗೆ ಕ್ರೇನ್ ಯಾರಪ್ಪಾ ಕೊಡ್ತಾರೆ?" ಎಂದಳು.

ಬಂದವನು ಪ್ರೋಖೊರನತ್ತ ತಿರುಗಿದ. "ಈ ತಂಡದಲ್ಲಿದ್ದು ಏನು ಗೆಲ್ತೀಯ? ವರ್ಷಾವರ್ಷ ಏಳನೇ ಸ್ಥಾನ."

"ಆರಕ್ಕೆ ಏರೋಣ ಅಂತಿದೀವಿ," ಎಂದ ಪ್ರೋಖೊರ್. "ದೇಶಕ್ಕೆ ಆಡೋಕೆ ಕರೆದಾಗೆಲ್ಲ ಬರ್ತೀನಿ. ಇವರನ್ನ ಬಿಟ್ಟು ಬರಲ್ಲ."

ಮರುವರ್ಷ ದೇಶದ ತಂಡದಿಂದ ಅವನಿಗೆ ಕರೆ ಬರಲಿಲ್ಲ. ಅದರ ಮರುವರ್ಷವೂ ಇಲ್ಲ. ಅವನು ಒಂದು ಮಾತೂ ಗೊಣಗಲಿಲ್ಲ. ಮೂರನೆಯ ವರ್ಷ ಅವನನ್ನು ಬಿಟ್ಟು ಹೋಗುವುದು ಅವರಿಗೇ ಕಷ್ಟವಾಯಿತು. ಕರೆದರು, ಎರಡನೆಯ ಚಿನ್ನ ಬಂತು.

ಅವನಿಗೆ ಮೂವತ್ತೊಂದು ನಡೆಯುತ್ತಿದ್ದಾಗ, ಫೆಬ್ರವರಿಯ ಒಂದು ಅಭ್ಯಾಸದಲ್ಲಿ, ನಾನು ಗೋಲಿನತ್ತ ಜೋರಾಗಿ ಹೊಡೆದೆ. ಅವನು ತಡೆಯಲು ಅಡ್ಡ ಬಂದ. ಬಿಲ್ಲೆ ಅವನ ಕೋಲಿಗೆ ತಾಗಿ ಮೇಲೆ ಚಿಮ್ಮಿತು. ಆಗ ನಾವ್ಯಾರೂ ಮುಖಕ್ಕೆ ಏನೂ ಹಾಕಿಕೊಳ್ಳುತ್ತಿರಲಿಲ್ಲ. ಮೂರು ವಾರ ಅವನು ಆಸ್ಪತ್ರೆಯಲ್ಲಿ ಕಣ್ಣು ಕಟ್ಟಿಕೊಂಡು ಮಲಗಿದ್ದ. ಹೊರಗೆ ಬಂದವನು "ವಾಸಿಯಾಯ್ತು" ಎಂದ. ಎಲ್ಲರೂ ನಂಬಿದೆವು. ಶರತ್ಕಾಲದಲ್ಲಿ ವೈದ್ಯರ ತಪಾಸಣೆಯಾದಾಗ ಕಣ್ಣಿನ ಅಕ್ಷರದ ಪಟ್ಟಿಯನ್ನು ಗಡಗಡ ಓದಿಬಿಟ್ಟ. ಆ ಪಟ್ಟಿ ದೇಶದ ಉದ್ದಗಲಕ್ಕೂ ಒಂದೇ. ಅದರ ಮೇಲಿನ ಸಾಲುಗಳು ನಮಗೆಲ್ಲ ಬಾಯಿಪಾಠ. ಅವನು ಕೆಳಗಿನ ಸಾಲನ್ನೂ ಉರುಹೊಡೆದಿದ್ದ.

ನನಗೆ ತಿಳಿದದ್ದು ನನ್ನ ಅಡಿಗೆಮನೆಯಲ್ಲಿ. ಚಹಾ ಬಗ್ಗಿಸಲು ಹೋದ ಪ್ರೋಖೊರ್ ಲೋಟದ ಪಕ್ಕಕ್ಕೆ ಸುರಿದ. ಮೇಜಿನಿಂದ ನೆಲಕ್ಕೆ ಇಳಿಯುತ್ತಿದ್ದ ಚಹಾವನ್ನು ಇಬ್ಬರೂ ನೋಡಿದೆವು.

"ಯಾವಾಗಿಂದ?" ಎಂದೆ.

"ಆವತ್ತಿಂದ. ಬೆಳಕು ಗೊತ್ತಾಗತ್ತೆ, ಅಷ್ಟೇ. ರಿಮ್ಮಾಗೆ ಗೊತ್ತು. ಈಗ ನಿಂಗೆ."

ರಿಮ್ಮಾ ಅವನ ಹೆಂಡತಿ. ನಾನು ತಲೆ ತಗ್ಗಿಸಿ ಕೂತೆ. ಅವನು ಬಟ್ಟೆ ತಂದು ಮೇಜು ಒರೆಸಿದ. "ಏಯ್ ಅರ್ಕಾಶ, ಮುಖ ಎತ್ತು. ನೀನು ಗೋಲಿಗೆ ಹೊಡೆದೆ, ಅದು ನಿನ್ನ ಕೆಲಸ. ಅಡ್ಡ ಬರೋದು ನನ್ನ ಕೆಲಸ. ಇಬ್ರೂ ಸರಿಯಾಗೇ ಮಾಡಿದ್ವಿ."

ಮರುದಿನ ಇಬ್ಬರೂ ಬದಿ ಬದಲಿಸಿಕೊಂಡೆವು. ಅವನು ಬಲಕ್ಕೆ ಹೋದರೆ ಕಾಣದ ಕಣ್ಣಿನ ಕಡೆ ನಾನಿರುತ್ತೇನೆ. ಬಿಲ್ಲೆ ನನ್ನ ಕಡೆಯಿಂದ ಬಂದರೆ "ಒಳಗೆ" ಎಂದು ಕೂಗುವೆ. ಅಷ್ಟೇ ಒಪ್ಪಂದ.

ಹತ್ತು ದಿನಕ್ಕೆ ವೆನಿಯಮಿನ್ ಕಾರ್ಲೊವಿಚ್ ಇಬ್ಬರನ್ನೂ ಕೋಣೆಗೆ ಕರೆದ. ಏನೂ ಕೇಳದೆ ತನ್ನ ಅಂಗೈಯಿಂದ ಪ್ರೋಖೊರನ ಬಲಗಣ್ಣು ಮುಚ್ಚಿದ. "ನನ್ನ ಇನ್ನೊಂದು ಕೈಯಲ್ಲಿ ಏನಿದೆ?"

ಪ್ರೋಖೊರ್ ಕತ್ತು ಹೊರಳಿಸಿ ಹುಡುಕಿದ. ಕೈಯಲ್ಲಿ ಏನೂ ಇರಲಿಲ್ಲ.

"ಹತ್ತು ವರ್ಷದಿಂದ ಎಡಗಡೆ ಆಡೋನು ಇದ್ದಕ್ಕಿದ್ದಂಗೆ ಬಲಗಡೆ ಬಂದ್ರೆ ನಂಗೆ ಗೊತ್ತಾಗಲ್ವೇನ್ರೋ? ಒಂದು ಕಣ್ಣಲ್ಲಿ ಹೇಗೆ ಆಡ್ತೀಯ?"

"ಬಿಲ್ಲೆ ನೋಡೋದು ಬಿಟ್ಟಿದೀನಿ. ಆಡೋನ ಭುಜ ನೋಡ್ತೀನಿ. ಬಿಲ್ಲೆ ಮೋಸ ಮಾಡತ್ತೆ, ಭುಜ ಮಾಡಲ್ಲ."

"ಇನ್ನೊಂದಕ್ಕೂ ಬಿದ್ರೆ?"

"ರಿಮ್ಮಾ ಕೈ ಹಿಡಿದು ನಡೆಸ್ತಾಳೆ. ಕೇಳಿದೀನಿ."

"ಅವಳನ್ನ ನಾನೇ ಕೇಳ್ತೀನಿ," ಎಂದು ಮುದುಕ ಟೊಪ್ಪಿ ಹಾಕಿಕೊಂಡು ಹೊರಟೇಬಿಟ್ಟ.

ರಿಮ್ಮಾ ಅವನನ್ನು ಕೂರಿಸಿ, ಮಾಂಸ ತುಂಬಿದ ಪೆಲ್ಮೆನಿ ಕಡುಬು ಬಡಿಸಿ, ನಿಧಾನವಾಗಿ ಹೇಳಿದಳಂತೆ: "ನೀವು ಬೇಡ ಅಂದ್ರೆ ನಿಲ್ಲಿಸ್ತಾರೆ. ಆಮೇಲೆ ಕಿಟಕಿ ಹತ್ರ ಕೂತ್ಕೋತಾರೆ, ನಾನು ಅದನ್ನ ನೋಡಬೇಕು. ವಸಂತದವರೆಗೆ ಆಡಲಿ. ಮುಖಕ್ಕೆ ಕಬ್ಬಿಣ ಹಾಕ್ಕೊಂಡು ಆಡಲಿ. ವಸಂತ ಆದ್ಮೇಲೆ ಒಂದು ದಿನವೂ ಬೇಡ."

ಎರಕದ ಶೆಡ್ಡಿನ ಗೆಳೆಯರು ಉಕ್ಕಿನ ತಂತಿ ಬೆಸೆದು ಜಾಲರಿ ಮಾಡಿಕೊಟ್ಟರು. ಗೋಲ್‌ಕೀಪರ್ ಬಿಟ್ಟು ಬೇರೆ ಯಾರೂ ಅಂಥದ್ದು ಹಾಕದ ಕಾಲ. ಎದುರಾಳಿಗಳಿಗೆ ಹಬ್ಬ. "ಏಯ್ ಕೋಳಿಗೂಡು, ಇವತ್ತೆಷ್ಟು ಮೊಟ್ಟೆ?" ಎಂದು ಒಬ್ಬ ಕೆಣಕಿದ.

"ನಿಮ್ಮ ತಂಡದ ಹೆಸರಿನ ಮುಂದೆ ನೋಡು," ಎಂದು ಪ್ರೋಖೊರ್ ಅಂಕಫಲಕ ತೋರಿಸಿದ. ಅಲ್ಲಿ ಸೊನ್ನೆಯಿತ್ತು.

ಆ ಚಳಿಗಾಲ ಅವನು ಆಡಿದಂತೆ ಎರಡು ಕಣ್ಣಿದ್ದಾಗಲೂ ಆಡಿರಲಿಲ್ಲ. ಮಾರ್ಚ್ ಕೊನೆಗೆ ಏಳನೇ ಸ್ಥಾನದ ನಾವು ದೇಶದ ಕಪ್ಪಿನ ಫೈನಲ್ ತಲುಪಿದ್ದೆವು. ಎದುರಿಗೆ, ಅವನನ್ನು ಕರೆದೊಯ್ಯಲು ಬಂದಿದ್ದ ಅದೇ ರಾಜಧಾನಿಯ ತಂಡ.

ಕೊನೆಯ ನಿಮಿಷ. ನಮಗೆ ಮೂರು, ಅವರಿಗೆ ಎರಡು. ಅವರ ಇಬ್ಬರು ಮುನ್ನುಗ್ಗಿ ಬಂದರು. ನಾನು ಹಿಂದಕ್ಕೆ ಜಾರುತ್ತಿದ್ದಾಗ ನನ್ನ ಸ್ಕೇಟು ಐಸಿನ ಗೀರಿಗೆ ಸಿಕ್ಕಿತು. ಅಂಗಾತ ಬಿದ್ದೆ. ಉಸಿರೇ ನಿಂತಿತ್ತು, ಕೂಗಲು ದನಿ ಬರಲಿಲ್ಲ. ಪ್ರೋಖೊರ್ ಒಬ್ಬನೇ ಉಳಿದ. ಬಿಲ್ಲೆಯಿದ್ದವನು ಅವನಿಗೆ ಕಾಣುತ್ತಿದ್ದ. ಇನ್ನೊಬ್ಬ, ನಾನಿರಬೇಕಾಗಿದ್ದ ಕಡೆ, ಕಾಣುತ್ತಿರಲಿಲ್ಲ. ಬಿಲ್ಲೆಯಿದ್ದವನ ಭುಜ ಒಂದು ಕೂದಲೆಳೆಯಷ್ಟು ತಿರುಗಿತು. ಅಷ್ಟಕ್ಕೇ ಪ್ರೋಖೊರ್ ತನಗೆ ಕತ್ತಲೆಯಾಗಿದ್ದ ಆ ಬದಿಗೆ ಇಡೀ ಮೈ ಚೆಲ್ಲಿದ. ಬಿಲ್ಲೆ ಆ ಕಡೆಯವನಿಗೆ ಹೋಯಿತು, ಅವನು ಹೊಡೆದ, ಅದು ಪ್ರೋಖೊರನ ಪಕ್ಕೆಲುಬಿಗೆ ಬಡಿಯಿತು.

ಆಟ ಮುಗಿದ ಗಂಟೆ ಹೊಡೆದಾಗ ನಾನು ತೆವಳಿಕೊಂಡು ಅವನ ಹತ್ತಿರ ಹೋದೆ. ಜಾಲರಿಯೊಳಗಿಂದ ಕೇಳಿದ, "ಎಲ್ಲೋ ಹೋಯ್ತು ಅದು?"

"ನಿನ್ನ ಹೊಟ್ಟೆ ಕೆಳಗಿದೆ."

"ಹಾಗಾದ್ರೆ ಸ್ವಲ್ಪ ಹೊತ್ತು ಹೀಗೇ ಇರ್ತೀನಿ," ಎಂದ. ಎರಡು ಪಕ್ಕೆಲುಬು ಮುರಿದಿದ್ದವು.

ಅದೇ ವಾರ ದೇಶದ ತಂಡದಿಂದ ಮತ್ತೆ ಕರೆ ಬಂತು. ಮೂರನೆಯ ಚಿನ್ನ ಖಂಡಿತ ಎಂಬಂತಿತ್ತು. ಇನ್ನೊಂದು ತಿಂಗಳು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಪ್ರೋಖೊರ್ ಪಕ್ಕೆಗೆ ಪಟ್ಟಿ ಸುತ್ತಿಕೊಂಡೇ ಉತ್ತರ ಬರೆದ: ಎಡಗಣ್ಣಿಲ್ಲ, ಇಲ್ಲದೇ ಒಂದು ವರ್ಷ ಆಯಿತು, ಊರಿನವರಿಗೆ ಆಡಿದ್ದು ಊರಿನವರ ಒಪ್ಪಿಗೆಯಿಂದ, ದೇಶದ ಅಂಗಿ ಮಾತ್ರ ಹೀಗೆ ಹಾಕಿಕೊಳ್ಳಲಾರೆ. ಕಾಗದವನ್ನು ನನಗೂ ಓದಿ ಹೇಳಿದ. "ಊರಿನವರಲ್ಲಿ ಯಾರ ಒಪ್ಪಿಗೆನೋ? ಅವರಿಗೆ ಗೊತ್ತೇ ಇರಲಿಲ್ವಲ್ಲ," ಎಂದೆ.

"ರಿಮ್ಮಾ ಒಪ್ಪಿದ್ಲಲ್ಲ," ಎಂದು ಲಕೋಟೆ ಅಂಟಿಸಿದ.

ಅವನ ಜಾಗಕ್ಕೆ ಇನ್ಯಾರೋ ಹೋಗಿ ಚಿನ್ನ ತಂದರು. ಆ ಆಟವನ್ನು ನಾವಿಬ್ಬರೂ ರೇಡಿಯೊದಲ್ಲಿ ಕೇಳಿದೆವು. ಪ್ರತಿ ಗೋಲಿಗೂ ಅವನು ಮೇಜು ಗುದ್ದಿ, ಮುರಿದ ಪಕ್ಕೆ ಹಿಡಿದುಕೊಳ್ಳುತ್ತಿದ್ದ.

ಆಮೇಲೆ ಮೂವತ್ತೆಂಟು ವರ್ಷ ಕಾರ್ಖಾನೆಯ ಐಸ್ ಅಂಗಳ ನೋಡಿಕೊಂಡ. ನೀರು ಹಾಯಿಸಿ, ಹೆಪ್ಪುಗಟ್ಟಿಸಿ, ಗುಡಿಸಿದ. ನೂಲಿನ ಗಿರಣಿಯ ಹೆಂಗಸರು ತಂಡ ಕಟ್ಟಿದಾಗ ಊರು ನಕ್ಕಿತು. ಅವನು ನಗದೆ ಅವರನ್ನು ಸಾಲಾಗಿ ನಿಲ್ಲಿಸಿ, ಬಿಲ್ಲೆಯೇ ಇಲ್ಲದೆ ಒಂದು ತಿಂಗಳು ಬರೀ ಭುಜ ನೋಡುವುದನ್ನು ಕಲಿಸಿದ. ಅವರಲ್ಲಿ ಇಬ್ಬರು ದೇಶಕ್ಕೆ ಆಡಿದರು.

ಅವನಿಗೆ ಎಪ್ಪತ್ತು ತುಂಬಿದಾಗ ಊರಾಡಳಿತದವರು ಅಂಗಳಕ್ಕೆ ಅವನ ಹೆಸರಿಡಲು ಕೇಳಿಕೊಂಡು ಬಂದರು. ಅವನು ಪೊರಕೆ ಕೆಳಗಿಡದೆ ಹೇಳಿದ: "ನನ್ನ ಹೆಸರು ಯಾಕೆ? ವೆನಿಯಮಿನ್ ಕಾರ್ಲೊವಿಚ್ ಹೆಸರಿಡಿ. ಮುದುಕ ಅಷ್ಟು ಪೆಲ್ಮೆನಿ ತಿಂದು ಹೋದ." ಹಾಗೆಯೇ ಇಟ್ಟರು. ಫಲಕ ಹಾಕುವ ದಿನ ಏಣಿ ಹಿಡಿದು ನಿಂತವನು ಪ್ರೋಖೊರನೇ.