ಚಿಕ್ಕವರು ಮೊದಲು

ಬೇರೆಯವರ ಎದುರು ಮೊದಲು ನಿಂತದ್ದು ಚಪಾತಿಯ ಒಂದು ತುತ್ತು. ಲಂಡನ್ನಿನ ಆ ತುದಿಯ ಹೌನ್ಸ್ಲೋದಿಂದ ಮಗಳು ವಿದ್ಯಾ ಬಂದಿದ್ದ ಭಾನುವಾರ, ಎಣಗಾಯಿ ಮಾಡಿದ್ದೆ. ತುತ್ತು ಎದೆಯ ನಡುವೆ ಸಿಕ್ಕಿಕೊಂಡಿತು. ಮೇಲೆ ಬರಲಿಲ್ಲ, ಕೆಳಗೆ ಇಳಿಯಲಿಲ್ಲ. ನೀರು ಕುಡಿದೆ, ನೀರೂ ಅಲ್ಲೇ ನಿಂತಿತು.

"ಏನಿಲ್ಲವಾ, ಚಪಾತಿ ಗಟ್ಟಿ ಆಗ್ಯಾವ" ಎಂದೆ.

ಎಷ್ಟು ದಿನದಿಂದ ಹೀಗೆ ಎಂದು ಅವಳು ಇಂಗ್ಲಿಷಿನಲ್ಲಿ ಕೇಳಿದಳು. ಇವತ್ತೇ ಎಂದು ನಾನು ಸುಳ್ಳು ಹೇಳಿದೆ. ಎರಡು ತಿಂಗಳಿಂದ ಅನ್ನವನ್ನು ಮಜ್ಜಿಗೆಯಲ್ಲಿ ಕಿವುಚಿ ನುಂಗುತ್ತಿದ್ದೆ.

ಜಿಪಿ ಡಾಕ್ಟರ್, ಎಂಡೋಸ್ಕೋಪಿ, ಬಯಾಪ್ಸಿ. ಕನ್ಸಲ್ಟಂಟ್ ಚಿಕ್ಕ ವಯಸ್ಸಿನವರು, ಬಹಳ ಪೊಲೈಟ್. ಕಾಗದದ ಮೇಲೆ ಅನ್ನ ಇಳಿಯುವ ಕೊಳವೆ ಬರೆದು ನಡುವೆ ಪೆನ್ನಿನಿಂದ ಕಪ್ಪು ಮಾಡಿದರು.

ಈಸೋಫೇಗಸ್‌ನಲ್ಲಿ ಕ್ಯಾನ್ಸರ್.

ಆರು ವಾರದಲ್ಲಿ ಆಪರೇಷನ್ ಮಾಡಬಹುದು, ಆದರೆ ತೂಕ ಇನ್ನೂ ಇಳಿದರೆ ದೇಹ ತಡೆಯುವುದಿಲ್ಲ, ಆಗ ಮಾಡಲಾಗದು ಎಂದರು. ನನ್ನ ಕೆಲಸ ಒಂದೇ, ತಿನ್ನುವುದು. ಬೆಳಗಾವಿಯ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳಿಂದ ಒಬಿಡಿಯೆಂಟ್ ಗರ್ಲ್ ಎನಿಸಿಕೊಂಡವಳು ನಾನು. ಆದರೆ ಇದೊಂದು ಮಾತು ಕೇಳಲಾಗಲಿಲ್ಲ. ಪ್ರತಿ ತುತ್ತಿಗೂ ಹೆದರಿಕೆ. ಹೆದರಿಕೆಯ ಕೆಳಗೆ ಇನ್ನೊಂದಿತ್ತು, ಅದನ್ನು ಯಾರಿಗೂ ಹೇಳಲಿಲ್ಲ. ಎಪ್ಪತ್ತಾಯಿತು, ನಮ್ಮವರು ಹೋಗಿ ಒಂಬತ್ತು ವರ್ಷವಾಯಿತು, ಸಾಕಲ್ಲ ಎನಿಸುತ್ತಿತ್ತು. ಡಯಟಿಷಿಯನ್ ಕೊಟ್ಟ ಸ್ಟ್ರಾಬೆರಿ ಡ್ರಿಂಕಿನ ಡಬ್ಬಿಗಳು ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ನಿಂತವು.

ಕ್ರೋಯ್ಡನ್‌ನ ನಮ್ಮ ಫ್ಲ್ಯಾಟಿನ ಎದುರು ಬಾಗಿಲು ಎಡಿತ್‌ಳದು. ಹಂಗೇರಿಯ ಯಹೂದಿ, ನನಗಿಂತ ಮೂರು ವರ್ಷ ದೊಡ್ಡವಳು. ಇಪ್ಪತ್ತು ವರ್ಷದ ನೆರೆಹೊರೆ. ಯುದ್ಧದ ಕಾಲದಲ್ಲಿ ನಾಝಿಗಳ ಕ್ಯಾಂಪಿನಲ್ಲಿದ್ದೆ, ಮನೆಯವರೆಲ್ಲ ಅಲ್ಲೇ ಹೋದರು ಎಂದು ಒಮ್ಮೆ ಲಿಫ್ಟ್ ಕೆಟ್ಟ ದಿನ ಮೆಟ್ಟಿಲ ಮೇಲೆ ಕೂತು ಹೇಳಿದ್ದಳು. ಅಷ್ಟೇ ಹೇಳಿದ್ದು. ಹೆಚ್ಚು ಕೇಳಲು ನನಗೆ ಧೈರ್ಯವಾಗಿರಲಿಲ್ಲ.

ಸುದ್ದಿ ತಿಳಿದ ಮರುದಿನದಿಂದ ಅವಳು ಸೂಪ್ ತರತೊಡಗಿದಳು. ನಾನು ಮಾಂಸ ಮುಟ್ಟುವುದಿಲ್ಲ ಎಂದು ಗೊತ್ತು. "ಕೋಳಿ ಇಲ್ಲದ ಚಿಕನ್ ಸೂಪ್" ಎಂದು ಬಟ್ಟಲು ಇಟ್ಟಳು. "ನನ್ನ ಅಮ್ಮ ನೋಡಿದ್ದರೆ ಮನೆಯಿಂದ ಓಡಿಸುತ್ತಿದ್ದಳು."

ಹತ್ತು ಚಮಚ ಇಳಿದರೆ ಹೆಚ್ಚು. ಅರ್ಧ ಬಟ್ಟಲು ಉಳಿಯುತ್ತಿತ್ತು. ಎಡಿತ್ ಅದನ್ನು ತನ್ನ ಕಡೆಗೆ ಎಳೆದುಕೊಳ್ಳಲು ಕೈ ಚಾಚುತ್ತಿದ್ದಳು. ನಾನು ಅವಳಿಗಿಂತ ಮೊದಲೇ ಎದ್ದು, ಸಿಂಕಿಗೆ ಸುರಿದು, ಬಿಸಿನೀರು ಬಿಡುತ್ತಿದ್ದೆ.

ಇದನ್ನು ಓದುವವರಿಗೆ ಕಾರಣ ಬಿಡಿಸಿ ಹೇಳಬೇಕಿಲ್ಲ. ಎಂಜಲು. ಕಾನ್ವೆಂಟಿನಲ್ಲಿ ಹುಡುಗಿಯರೆಲ್ಲ ಒಂದೇ ಲೋಟಕ್ಕೆ ಬಾಯಿ ಹಚ್ಚುವಾಗ ನಾನೊಬ್ಬಳೇ ಎತ್ತಿ ಕುಡಿದು ಯೂನಿಫಾರ್ಮ್ ತೋಯಿಸಿಕೊಳ್ಳುತ್ತಿದ್ದೆ. ಲಂಡನ್ನಿಗೆ ಬಂದ ಮೇಲೆ ಏನೇನೋ ಬಿಟ್ಟೆ, ಇದು ಬಿಡಲಿಲ್ಲ. ಅದೂ ನನ್ನಂಥ ರೋಗಿಯ ಎಂಜಲನ್ನು ನನಗಿಂತ ಹಿರಿಯಳಿಗೆ, ಮನೆಗೆ ಬಂದವಳಿಗೆ ಕೊಡುವುದೆಂದರೆ? ನಾನು ಅವಳ ಗೌರವ ಕಾಯುತ್ತಿದ್ದೇನೆ ಎಂದೇ ತಿಳಿದಿದ್ದೆ.

ಎರಡನೆಯ ವಾರದ ಮಧ್ಯಾಹ್ನ, ನಾನು ನಲ್ಲಿ ತಿರುಗಿಸಿದಾಗ ಅವಳು ಹಿಂದಿನಿಂದ ಬಂದು ಅದನ್ನು ನಿಲ್ಲಿಸಿದಳು. ಯಾಕೆ ಹೀಗೆ ಮಾಡುತ್ತೀ ಎಂದು ಕೇಳಿದಳು. ನನ್ನ ಒಳ್ಳೆಯ ಇಂಗ್ಲಿಷಿನಲ್ಲಿ ವಿವರಿಸಿದೆ. ಒಬ್ಬರ ಬಾಯಿ ತಗುಲಿದ ಮೇಲೆ ಅದು ಇನ್ನೊಬ್ಬರಿಗೆ ಕೊಡುವಂಥದ್ದಲ್ಲ, ನಮ್ಮಲ್ಲಿ ಅದು ಅವಮಾನ ಎಂದೆ.

ಎಡಿತ್ ಕುರ್ಚಿ ಎಳೆದು ಕೂತಳು. ನನ್ನ ಕಡೆ ನೋಡದೆ ಮೇಜಿನ ಮೇಲಿನ ಸೂಪಿನ ಪಾತ್ರೆಗೆ ಹೇಳುವಂತೆ ಹೇಳಿದಳು.

ಅವಳಿಗೆ ಕ್ಲಾರಿ ಎಂಬ ತಂಗಿ ಇದ್ದಳು, ಎರಡು ವರ್ಷ ಚಿಕ್ಕವಳು. ಔಷ್ವಿಟ್ಜ್ ಕ್ಯಾಂಪಿನಲ್ಲಿ ಇಳಿದ ದಿನವೇ ಅಪ್ಪ, ಅಮ್ಮ, ಚಿಕ್ಕ ತಮ್ಮ ಹೋದರು. ಉಳಿದದ್ದು ಇವರಿಬ್ಬರು. ಇಬ್ಬರ ಬ್ರೆಡ್ಡನ್ನೂ ಒಟ್ಟುಮಾಡಿ, ಒಬ್ಬಳು ಕಚ್ಚಿದ ಮೇಲೆ ಇನ್ನೊಬ್ಬಳು ಕಚ್ಚುವುದು. ಚಿಕ್ಕವರು ಮೊದಲು, ಅದು ರೂಲ್. ಒಬ್ಬರ ಗಂಟಲಲ್ಲಿ ಇಳಿದದ್ದನ್ನು ನೋಡಿದ ಮೇಲೆಯೇ ಇನ್ನೊಬ್ಬರು ಬಾಯಿ ತೆರೆಯಬೇಕು. ಯಾರೂ ಹೆಚ್ಚು ತಿನ್ನಬಾರದು, ಯಾರೂ ಪ್ರೀತಿಯಿಂದ ತಮ್ಮ ಪಾಲು ಬಿಡಲೂಬಾರದು.

ಚಳಿಗಾಲದಲ್ಲಿ ಅವರನ್ನು ಜರ್ಮನಿಯ ಬೆಲ್ಸೆನ್ ಕ್ಯಾಂಪಿಗೆ ಸಾಗಿಸಿದರು. ಅಲ್ಲಿ ಟೈಫಸ್. ಕೆಲವು ದಿನ ಬ್ರೆಡ್ಡೇ ಇಲ್ಲ. ಸಿಕ್ಕ ಒಂದು ದಿನ ಕ್ಲಾರಿ ಮೊದಲು ಕಚ್ಚಿದಳು. ನುಂಗಲಾಗಲಿಲ್ಲ. ಆಮೇಲೆ ತಿನ್ನುತ್ತೇನೆ ಎಂದು ಚೂರನ್ನು ಕೈಯಲ್ಲಿ ಹಿಡಿದು ಜ್ವರದಲ್ಲೇ ನಿದ್ದೆ ಹೋದಳು.

"ನಾನು ಅವಳ ಬೆರಳು ಬಿಡಿಸಿದೆ. ಅವಳ ಹಲ್ಲಿನ ಗುರುತು ಅದರ ಮೇಲಿತ್ತು. ಎಲ್ಲ ತಿಂದೆ."

ಸೂಪಿನ ಪಾತ್ರೆಯನ್ನು ಇಷ್ಟು ಆಚೆ ಸರಿಸಿದಳು.

"ಎಚ್ಚರಾದಾಗ ನನ್ನ ಬ್ರೆಡ್ ಎಲ್ಲಿ ಅಂದಳು. ನೀನೇ ತಿಂದೆಯಲ್ಲ ಅಂದೆ. ಸಾರಿ, ಮರೆತುಬಿಟ್ಟೆ ಅಂದಳು."

ಎರಡು ದಿನದ ಮೇಲೆ ಕ್ಲಾರಿ ಹೋದಳು. ಹದಿನೇಳು ವರ್ಷ. ಬ್ರಿಟಿಷ್ ಸೈನಿಕರು ಬಂದದ್ದು ಆಮೇಲೆ.

ನಿನ್ನ ತಪ್ಪಲ್ಲ ಎನ್ನುವಷ್ಟು ದೊಡ್ಡವಳು ನಾನಲ್ಲ. ಖಾಲಿ ಬಟ್ಟಲಿಗೆ ಪಾತ್ರೆಯಲ್ಲಿ ಉಳಿದ ಸೂಪ್ ಬಗ್ಗಿಸಿದೆ. ಒಂದೇ ಚಮಚ ತಂದೆ. ಒಂದು ಚಮಚ ಕುಡಿದೆ, ಅದು ಎದೆಯಲ್ಲಿ ತಡೆದು, ನೋಯುತ್ತ, ಇಳಿಯಿತು. ಅದೇ ಚಮಚವನ್ನು ಅವಳ ಕಡೆ ಚಾಚಿದೆ. ಐ ಮಸ್ಟ್ ಕನ್ಫೆಸ್, ಆಗ ನನ್ನೊಳಗಿದ್ದದ್ದು ಪೂರ್ತಿ ದುಃಖವಲ್ಲ. ನಮ್ಮ ಅವ್ವ ನೋಡುತ್ತಿದ್ದಾಳೆ ಎಂಬ ಅಂಜಿಕೆಯೂ ಅದರಲ್ಲಿತ್ತು.

ಎಡಿತ್ ಕುಡಿದಳು. "ಉಪ್ಪು ಕಡಿಮೆ" ಎಂದಳು.

ಆಮೇಲೆ ದಿನಾ ಹಾಗೆಯೇ ನಡೆಯಿತು. ನಾನು ನುಂಗದೆ ಅವಳು ತಿನ್ನುತ್ತಿರಲಿಲ್ಲ. ಅವಳು ಉಪವಾಸ ಕೂರಬಾರದು ಎಂದು ನಾನು ನುಂಗಿದೆ. ಬಟ್ಟಲು ಖಾಲಿಯಾಗತೊಡಗಿತು. ಕಿಟಕಿಯ ಡಬ್ಬಿಗಳೂ ಒಂದೊಂದಾಗಿ ಖಾಲಿಯಾದವು. ಆರನೆಯ ವಾರ ಆಸ್ಪತ್ರೆಯ ತಕ್ಕಡಿಯ ಮುಳ್ಳು ಇದ್ದಲ್ಲೇ ನಿಂತಿತ್ತು. ಕನ್ಸಲ್ಟಂಟ್ ಗುಡ್ ಎಂದರು. ವಿದ್ಯಾ ಕಾರಿಡಾರಿನಲ್ಲಿ ನನ್ನನ್ನು ತಬ್ಬಿಕೊಂಡು, ಎಷ್ಟೋ ವರ್ಷಗಳ ಮೇಲೆ ಕನ್ನಡದಲ್ಲಿ ಅತ್ತಳು. "ಅವ್ವಾ, ಅವ್ವಾ" ಎಂದಷ್ಟೇ.

ಆಪರೇಷನ್ ದೊಡ್ಡದು. ಐಸಿಯುದಲ್ಲಿ ಐದು ದಿನ, ವಾರ್ಡಿನಲ್ಲಿ ಮೂರು ವಾರ. ಹೊಟ್ಟೆಯನ್ನು ಮೇಲೆಳೆದು ಗಂಟಲಿಗೆ ಜೋಡಿಸಿದ್ದಾರೆ. ಒಮ್ಮೆಗೆ ಒಂದು ಹಿಡಿ ಅನ್ನದ ಮೇಲೆ ಜಾಗವಿಲ್ಲ, ಚಪ್ಪಟೆ ಮಲಗುವಂತಿಲ್ಲ. ಮುಂದಿನ ಸ್ಕ್ಯಾನ್ ಏನು ಹೇಳುತ್ತದೋ ಗೊತ್ತಿಲ್ಲ. ಸದ್ಯಕ್ಕೆ ಇದ್ದೇನೆ.

ಇದನ್ನೆಲ್ಲ ಬರೆಯಲೇ ಎಂದು ಎಡಿತ್‌ಳನ್ನು ಕೇಳಿದ್ದೆ. "ನಿನ್ನ ಭಾಷೆಯಲ್ಲಿ ಬರೆ" ಎಂದಿದ್ದಳು. "ನನ್ನ ಮಗನಿಗೆ ಅದು ಓದಲು ಬರುವುದಿಲ್ಲ."

ಹೋದ ತಿಂಗಳು ಅವಳಿಗೆ ಸ್ಟ್ರೋಕ್ ಆಯಿತು.

ಬಲಗೈ, ಮಾತು ಎರಡೂ ಹೋದವು. ಈಗ ಕೇರ್ ಹೋಮಿನಲ್ಲಿದ್ದಾಳೆ. ಹೊಸದಾಗಿ ಬಂದ ಟ್ರ್ಯಾಮಿನಲ್ಲಿ ಆರು ಸ್ಟಾಪ್. ಮೊನ್ನೆ ಹೋದಾಗ ನರ್ಸ್ ಬಾಗಿಲಲ್ಲೇ ಹೇಳಿದಳು, ನಿನ್ನೆಯಿಂದ ಬಾಯಿ ಬಿಡುತ್ತಿಲ್ಲ, ಚಮಚ ತಂದರೆ ಮುಖ ತಿರುಗಿಸುತ್ತಾಳೆ, ಹೀಗೇ ಆದರೆ ಟ್ಯೂಬ್ ಹಾಕಬೇಕಾಗುತ್ತದೆ. ಮಗ ಬಂದು ಕೂತು ಬೇಡಿಕೊಂಡು ಹೋಗಿದ್ದನಂತೆ.

ನುಣ್ಣಗೆ ಅರೆದ ಕ್ಯಾರೆಟ್. ನಾನು ಚಮಚ ತುಂಬಿ ಅವಳ ತುಟಿಗೆ ಹಿಡಿದೆ. ಮುಖ ಗೋಡೆಗೆ ತಿರುಗಿತು. ಎಡಿತ್, ಪ್ಲೀಸ್ ಎಂದೆ. ಇನ್ನೊಮ್ಮೆ ಹಿಡಿದೆ. ಕಣ್ಣು ಮುಚ್ಚಿಕೊಂಡಳು.

ನಂತರ ನನ್ನ ಮರೆವಿಗೆ ನನಗೇ ನಾಚಿಕೆಯಾಯಿತು.

ಚಮಚವನ್ನು ನನ್ನ ಬಾಯಿಗೆ ಇಟ್ಟುಕೊಂಡೆ. ಉಪ್ಪಿಲ್ಲ. ಅವಳ ಕಣ್ಣು ತೆರೆದವು. ನನ್ನ ಗಂಟಲನ್ನೇ ನೋಡಿದಳು. ನಾನು ನಿಧಾನವಾಗಿ, ಕಾಣುವ ಹಾಗೆ, ನುಂಗಿದೆ.

ಅದೇ ಚಮಚವನ್ನು ಮತ್ತೆ ತುಂಬಿದೆ. ಎಡಿತ್ ಬಾಯಿ ತೆರೆದಳು.