ಅತ್ತೆಯ ಬಿಸಿಲು ಮತ್ತು ಮೂರು ಸರ್ಕಾರ

ದೆಹಲಿಯ ಚಳಿಗಾಲದಲ್ಲಿ ಬಿಸಿಲು ಆಸ್ತಿ ಇದ್ದ ಹಾಗೆ. ಆರ್.ಕೆ.ಪುರಂನ ನಮ್ಮ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಯಾರ ಬಾಲ್ಕನಿಗೆ ಎಷ್ಟು ಹೊತ್ತು ಬಿಸಿಲು ಬೀಳುತ್ತದೆಂದು ಎಲ್ಲ ಹೆಂಗಸರಿಗೂ ಗೊತ್ತು. ನಮ್ಮದಕ್ಕೆ ಬೀಳುವುದು ಇಲ್ಲವೆನ್ನುವಷ್ಟು ಎಂಬುದೂ ಗೊತ್ತು. ನಾವಿರುವುದು ಮೊದಲ ಮಹಡಿ. ಎದುರಿಗಿರುವ ಬೇವಿನ ಮರದ ದಪ್ಪ ಕೊಂಬೆಯೊಂದು ಕೊಡೆ ಹಿಡಿದವರ ಹಾಗೆ ಸರಿಯಾಗಿ ನಮ್ಮ ಮೇಲೇ ಚಾಚಿಕೊಂಡಿದೆ.

ಅತ್ತೆ ಮೈಸೂರಿನಿಂದ ನಮ್ಮ ಜೊತೆ ಇರಲು ಬಂದ ವರ್ಷ ಇದು ದೊಡ್ಡ ಸಂಗತಿಯಾಯಿತು. ಡಿಸೆಂಬರ್ ಚಳಿಗೆ ಅವರ ಮಂಡಿ ಹಿಡಿದುಕೊಂಡಿತು. ಸ್ವೆಟರಿನ ಮೇಲೆ ಸ್ವೆಟರ್ ಹಾಕಿ, ಮಂಕಿ ಕ್ಯಾಪ್ ತೊಟ್ಟು, ಬಾಲ್ಕನಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕೊಂಬೆಯನ್ನು ದುರುಗುಟ್ಟಿ ನೋಡುತ್ತಿದ್ದರು. ಒಂದು ಬೆಳಿಗ್ಗೆ ಮಗನಿಗೆ ಹೇಳಿಯೇಬಿಟ್ಟರು: "ನೋಡು ಮಗೂ, ಈ ಕೊಂಬೆ ಕಡಿಸು. ಇಲ್ಲಾಂದ್ರೆ ಮುಂದಿನ ಚಳಿಗೆ ನಾನಿಲ್ಲಿರಲ್ಲ. ನಿನ್ನ ತಂಗಿ ಮನೆ ಜಗಲೀಲಿ ಬೇಕಾದಷ್ಟು ಬಿಸಿಲಿದೆ."

ಅತ್ತೆ ಹೋಗುವುದು ನನಗೆ ಬೇಡವಾಗಿತ್ತು. ನಮ್ಮ ಮಗಳಿಗೆ ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಬರುತ್ತದೆ. ಇವರು ಆಫೀಸಿನಿಂದ ಬರುವಷ್ಟರಲ್ಲಿ ಮಾತೆಲ್ಲ ಮುಗಿಸಿಕೊಂಡು ಬಂದಿರುತ್ತಾರೆ. ಅತ್ತೆ ಬಂದಮೇಲೆಯೇ ನಮ್ಮ ಮನೆಯ ಮಧ್ಯಾಹ್ನಗಳಿಗೆ ಕನ್ನಡ ಬಂದದ್ದು. ಸಾರಿಗೆ ಇಂಗು ಎರಡು ಸಲ ಬಿದ್ದಿದೆ ಎಂದು ಕಂಡುಹಿಡಿಯುವವರೊಬ್ಬರು ಮನೆಯಲ್ಲಿ ಇರಬೇಕು ಅನ್ನಿಸುತ್ತಿತ್ತು.

ಇವರು ಕೇಂದ್ರ ಸರ್ಕಾರದ ನೌಕರರು. ರಾಜ್ಯಗಳಿಂದ ಬರುವ ಪತ್ರಗಳಿಗೆ "ಇದು ರಾಜ್ಯದ ವಿಷಯ" ಎಂದು ಉತ್ತರಿಸುವುದು ಅವರ ಕೆಲಸದ ಬಹುಪಾಲು. "ಬಾಯಲ್ಲಿ ಹೇಳಿದರೆ ಆಗಲ್ಲ, ಅರ್ಜಿ ಕೊಡಬೇಕು," ಎಂದು ಬಹಳ ತೃಪ್ತಿಯಿಂದ ಹೇಳಿದರು.

ಅರ್ಜಿ ಬರೆಯುವುದು ನನಗೆ ಗೊತ್ತಿತ್ತು. ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ್ದರು: ಅಂಚು ಬಿಡಬೇಕು, ವಿನಯವಿರಬೇಕು, ಸುಳ್ಳಿರಬಾರದು, ಕೊನೆಗೆ "ಆದಷ್ಟು ಬೇಗ" ಎಂದು ಪ್ರಾರ್ಥಿಸಿಕೊಳ್ಳಬೇಕು. ದುಂಡಗಿನ ಅಕ್ಷರದಲ್ಲಿ, ನಮ್ಮ ಅತ್ತೆಯವರಿಗೆ ಬಿಸಿಲು ಬೇಕಾಗಿದೆ ಎಂದು ಬರೆದು ಕಾಲೊನಿಯ ಕಚೇರಿಗೆ ಕೊಟ್ಟೆ.

ಅಲ್ಲಿಂದ ಕೇಂದ್ರದ ಇಂಜಿನಿಯರ್ ಬಂದರು. ಕೊಂಬೆ ನೋಡಿದರು, ಫಿಲ್ಟರ್ ಕಾಫಿ ಕುಡಿದರು. "ಮರ ನಮ್ಮದೇ ಮೇಡಂ, ಬುಡ ನಮ್ಮ ನೆಲದಲ್ಲಿದೆ. ಆದರೆ ಕಡಿಯೋ ಅನುಮತಿ ರಾಜ್ಯದವರದು."

ರಾಜ್ಯದ ಮರದ ಅಧಿಕಾರಿ ಬಂದರು. ಅವರೂ ಕಾಫಿ ಕುಡಿದರು. "ಅನುಮತಿ ಕೊಡೋಣ. ಆದರೆ ಕಡಿದ ಕೊಂಬೆ ಬೀಳೋದು ಗಲ್ಲಿಗೆ. ಅದನ್ನು ಎತ್ತೋರು ಕಾರ್ಪೊರೇಷನ್‌ನವರು. ಅವರು ಒಪ್ಪಬೇಕು."

ಕಾರ್ಪೊರೇಷನ್‌ನವರು ಕಾಫಿ ಬೇಡವೆಂದು ಚಹಾ ಕೇಳಿದರು. "ಬಿದ್ದ ಮೇಲೆ ಕೊಂಬೆ ನಮ್ಮದು, ಬೆಹನ್‌ಜೀ. ಮೇಲೆ ಇರೋವರೆಗೂ ನಮಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ."

ಆ ದಿನಗಳಲ್ಲೇ ಹತ್ತನೇ ಕ್ಲಾಸಿನ ಮಗಳು ಊಟದ ಮೇಜಿನ ಮೇಲೆ ಒಕ್ಕೂಟ ವ್ಯವಸ್ಥೆಯ ಪಾಠ ಹರಡಿಕೊಂಡಿದ್ದಳು. ಅಜ್ಜಿಗೆ ಕೇಂದ್ರ ಪಟ್ಟಿ, ರಾಜ್ಯ ಪಟ್ಟಿ, ಸಮವರ್ತಿ ಪಟ್ಟಿ ಎಂದು ವಿವರಿಸಿದಳು. ಸೈನ್ಯ, ರೈಲು ಕೇಂದ್ರಕ್ಕೆ; ಪೊಲೀಸು, ಬೇಸಾಯ ರಾಜ್ಯಕ್ಕೆ; ಸಮವರ್ತಿಯಲ್ಲಿ ಇಬ್ಬರೂ ಕಾನೂನು ಮಾಡಬಹುದು, ಜಗಳ ಬಂದರೆ ಕೇಂದ್ರದ ಮಾತು ನಡೆಯುತ್ತದೆ.

"ಲೇಕಿನ್ ದಿಲ್ಲಿ ಪೂರಾ ಸ್ಟೇಟ್ ಅಲ್ಲ ಅಜ್ಜಿ. ಇಲ್ಲಿ ಪೊಲೀಸ್ ಔರ್ ಜಮೀನ್ ಎರಡೂ ಸೆಂಟರ್ ಹತ್ರ."

"ಆ ಸಮವರ್ತಿಯಲ್ಲಿ ಏನೇನಿದೆಯೇ?"

"ಫಾರೆಸ್ಟ್, ಮ್ಯಾರೇಜ್..."

"ಕಾಡೂ ಮದುವೆಯೂ ಒಂದೇ ಪಟ್ಟೀಲಾ?" ಅತ್ತೆ ನನ್ನ ಕಡೆ ನೋಡಿ ತಲೆಯಾಡಿಸಿದರು. "ಬರೆದವರು ಸಂಸಾರಸ್ಥರು."

ಅಷ್ಟರಲ್ಲಿ ರಾಜ್ಯದ ಕಚೇರಿಯ ಗುಮಾಸ್ತರು ಫೋನ್ ಮಾಡಿ ಮೆಲ್ಲಗೆ ಒಂದು ಸಲಹೆ ಕೊಟ್ಟರು. ಬಿಸಿಲಿಗೆ ನಿಯಮವಿಲ್ಲ, ಅಪಾಯಕ್ಕೆ ಇದೆ. ಅಪಾಯ ಎಂದು ಬರೆದುಕೊಡಿ. ಪೆನ್ನು ಹಿಡಿದೆ, ಸಿಸ್ಟರ್‌ಗಳ "ಸುಳ್ಳಿರಬಾರದು" ನೆನಪಾಯಿತು. ಕೊಂಬೆ ಕಲ್ಲುಗುಂಡಿನ ಹಾಗೆ ಗಟ್ಟಿಯಾಗಿತ್ತು.

"ಯಾಕೆ ಯೋಚನೆ? ಬರಿಯಮ್ಮ," ಎಂದರು ಅತ್ತೆ. "ಬಿಸಿಲಿಲ್ಲದೆ ನಾನು ಸೆಟೆದು ಸತ್ತರೆ ಅದು ಅಪಾಯ ಅಲ್ವಾ?"

ಹಾಗೆ ನೋಡಿದರೆ ಸುಳ್ಳಲ್ಲ. ಈ ಕೊಂಬೆಯಿಂದ ನಮ್ಮ ಅತ್ತೆಯವರ ಜೀವಕ್ಕೆ ಅಪಾಯವಿದೆ ಎಂದು ಬರೆದೆ. ಆದಷ್ಟು ಬೇಗ ಎಂದೂ ಸೇರಿಸಿ ಮೂರು ಕಡೆಗೂ ಕೊಟ್ಟೆ.

ಆ ಒಂದು ಮಾತಿಗೆ ಮೂರು ಕಡೆಯವರೂ ಎದ್ದು ಕೂತರು. ಮೊದಲ ಸಲ ಮೂವರೂ ಒಮ್ಮತಕ್ಕೆ ಬಂದರು: ಅಪಾಯವಿರುವುದರಿಂದ, ಕೊಂಬೆ ಕಡಿಯುವವರೆಗೂ ಬಾಲ್ಕನಿಯಲ್ಲಿ ಯಾರೂ ಕೂರಕೂಡದು. ಇಂಜಿನಿಯರ್ ಸ್ವತಃ ಬಂದು ಬಾಲ್ಕನಿಯ ಬಾಗಿಲಿಗೆ ಅಡ್ಡಲಾಗಿ ಕೆಂಪು-ಬಿಳಿ ಪ್ಲಾಸ್ಟಿಕ್ ಪಟ್ಟಿ ಕಟ್ಟಿದರು. ಹೋಗುವಾಗ ಅತ್ತೆಗೆ ಕೈಮುಗಿದು, "ಜೋಪಾನ, ಮಾತಾಜೀ," ಎಂದರು.

"ಇದ್ದ ಅಂಗೈಯಗಲ ಬಿಸಿಲನ್ನೂ ಜಪ್ತಿ ಮಾಡಿಕೊಂಡು ಹೋದರಲ್ಲೇ!" ಎಂದರು ಅತ್ತೆ.

ಬೇರೆ ದಾರಿಯಿರಲಿಲ್ಲ. ಕುರ್ಚಿಯನ್ನು ನಾನು ಹೊತ್ತೆ, ಅತ್ತೆ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದರು. ಕೆಳಗಿನ ಪಾರ್ಕಿನಲ್ಲಿ ಬಿಸಿಲು ಧಾರಾಳವಾಗಿತ್ತು. ಪಂಜಾಬಿನ ಅಜ್ಜಿಯೊಬ್ಬರು ಸ್ವೆಟರ್ ಹೆಣೆಯುತ್ತಿದ್ದರು, ಬಂಗಾಳದವರು ಕಿತ್ತಳೆ ಸುಲಿಯುತ್ತಿದ್ದರು, ತಮಿಳುನಾಡಿನವರು ಎಲ್ಲರ ಮನೆಯ ಹಸಿ ಬಟಾಣಿಯನ್ನೂ ಬಿಡಿಸುತ್ತಿದ್ದರು. ಅತ್ತೆಗೆ ಬರುತ್ತಿದ್ದ ಹಿಂದಿ "ಅಚ್ಛಾ" ಮತ್ತು "ಭಯ್ಯಾ", ಅಷ್ಟೇ. ಮೊದಲ ದಿನ ಪಂಜಾಬಿನ ಅಜ್ಜಿಯನ್ನೂ ಭಯ್ಯಾ ಎಂದೇ ಕರೆದರು. ಆಕೆ ಸೂಜಿ ಬಿದ್ದುಹೋಗುವಂತೆ ನಕ್ಕರು.

ಜನವರಿ ಕಳೆಯುವಷ್ಟರಲ್ಲಿ ಅತ್ತೆಯಿಲ್ಲದೆ ಸಭೆ ಶುರುವಾಗುತ್ತಿರಲಿಲ್ಲ. ಕೂರುವ ಜಾಗ ಬದಲಾಯಿಸುವುದೂ ಅವರದೇ ಅಪ್ಪಣೆ. ಇವರು ಅದಕ್ಕೆ ರಾಜ್ಯಸಭೆ ಎಂದು ಹೆಸರಿಟ್ಟರು. ಮಗಳು ಸಂವಿಧಾನವನ್ನೂ ಹೇಳಿದಳು: ಉಪ್ಪಿನಕಾಯಿ ಆಯಾ ರಾಜ್ಯದ ವಿಷಯ, ಯಾರೂ ತಲೆ ಹಾಕುವ ಹಾಗಿಲ್ಲ, ಸೊಸೆಯಂದಿರು ಸಮವರ್ತಿ, ಎಲ್ಲರೂ ಮಾತಾಡಬಹುದು.

ಅತ್ತೆ ಮಾತ್ರ ಮುಂದಿನ ಚಳಿಯ ವಿಷಯ ಎತ್ತಲಿಲ್ಲ. ಕೇಳಲು ನನಗೂ ಧೈರ್ಯವಿರಲಿಲ್ಲ.

ಮೇ ತಿಂಗಳು ಬಂತು. ಗಾಳಿ ಕುಲುಮೆಯಿಂದ ಬಂದಂತೆ ಬೀಸುತ್ತಿತ್ತು. ಕೆಂಪು-ಬಿಳಿ ಪಟ್ಟಿಯನ್ನು ಅತ್ತೆ ಯಾವಾಗಲೋ ಬಿಚ್ಚಿ ತುಳಸಿ ಗಿಡಕ್ಕೆ ಆಸರೆ ಕಟ್ಟಿದ್ದರು. ಬಾಲ್ಕನಿಗೆ ಬಿದ್ದ ಬೇವಿನ ನೆರಳಲ್ಲಿ ಅವರು ಕುರ್ಚಿ ಹಾಕಿಕೊಂಡು ಮಜ್ಜಿಗೆ ಕುಡಿಯುತ್ತಿದ್ದಾಗ ಕೆಳಗೆ ಏಣಿ, ಹಗ್ಗ, ಗರಗಸ ಬಂದಿಳಿದವು. ಕೇಂದ್ರ, ರಾಜ್ಯ, ಕಾರ್ಪೊರೇಷನ್ ಮೂವರೂ ಒಟ್ಟಿಗೇ ಬಂದಿದ್ದರು.

"ಅಯ್ಯೋ, ಈ ಸುಡುಬಿಸಿಲಲ್ಲಿ ನೆರಳು ಕಡಿಯೋದಾ? ಯಾರು ಹೇಳಿದ್ದು?" ಅತ್ತೆ ಕಂಬಿಯ ಮೇಲಿಂದ ಕೂಗಿದರು. ನಾನು ಅದನ್ನು ಆದಷ್ಟು ವಿನಯವಾಗಿ ಹಿಂದಿಗೆ ತಂದೆ.

"ಮಾತಾಜೀ, ನಿಮ್ಮ ಜೀವಕ್ಕೆ ಅಪಾಯ ಅಂತ ಮೂರು ಕಡೆಯೂ ಮಂಜೂರಾಗಿದೆ," ಎಂದರು ಇಂಜಿನಿಯರ್ ಕಂಗಾಲಾಗಿ. "ಬೇಡ ಅಂದರೆ, ಅಪಾಯ ಇಲ್ಲ ಅಂತ ಬರೆದುಕೊಡಬೇಕು. ಅದೂ ಮೂರು ಕಡೆ ಹೋಗಿ ಬರಬೇಕು."

"ಎಷ್ಟು ದಿನ ಆಗತ್ತೆ ಕೇಳು," ಎಂದರು ಅತ್ತೆ.

ಮೂವರೂ ಬೆರಳು ಮಡಿಸಿ ಲೆಕ್ಕ ಹಾಕಿದರು. ಬರುವ ಚಳಿಗಾಲ ದಾಟಬಹುದು ಎಂದರು.

ಅತ್ತೆ ಮಜ್ಜಿಗೆ ಲೋಟ ಕೆಳಗಿಟ್ಟರು. "ದಾಟಲಿ. ಅದೇನಾಗತ್ತೋ ನೋಡಿಕೊಂಡೇ ಹೋಗ್ತೀನಿ. ಪಾರ್ಕಿನವರೆಲ್ಲ ಕೇಳ್ತಾರಲ್ಲ." ನನ್ನ ಕಡೆ ತಿರುಗಿ, "ಕೂತ್ಕೊಂಡು ನೀಟಾಗಿ ಬರಿ," ಎಂದರು.

ನೀಟಾಗಿಯೇ ಬರೆದೆ. ಅಂಚು ಬಿಟ್ಟಿದ್ದೆ, ವಿನಯವಿತ್ತು, ಸುಳ್ಳಿರಲಿಲ್ಲ. ಆದಷ್ಟು ಬೇಗ ಎಂಬುದೊಂದನ್ನು ಮಾತ್ರ ಬರೆಯಲಿಲ್ಲ.