ಗೆಜ್ಜೆ ಕೇಳಲು ಹೋದದ್ದು

ಫ್ರೀಮಾಂಟಿನಲ್ಲಿ ರೈಲು ಹತ್ತಿದಾಗ ಬೆಳಿಗ್ಗೆ ಹನ್ನೊಂದು. ಸ್ಯಾನ್ ಫ್ರಾನ್ಸಿಸ್ಕೋಗೆ ಮುಕ್ಕಾಲು ಗಂಟೆಗೂ ಮೇಲೆ, ಒಬ್ಬರಿಗೆ ಏಳು ಡಾಲರ್ ಚಿಲ್ಲರೆ. "ರೂಪಾಯಿಗೆ ತಿರುಗಿಸಿ ನೋಡ್ಬೇಡ, ಹೊಟ್ಟೆ ಉರಿಯತ್ತೆ" ಎಂದ ಶ್ರೀಧರ. ಅವನು ಮೈಸೂರಿನ ನನ್ನ ಹಳೆಯ ಆರ್ಕೆಸ್ಟ್ರಾ ಗೆಳೆಯ, ಈಗ ಇಲ್ಲಿ ಇಂಜಿನಿಯರು. ಜೊತೆಗೆ ಅವನ ಹದಿನಾರರ ಮಗಳು ಅನಘಾ.

ವಿಮಾನದ ಟಿಕೆಟ್ಟು ಕಳಿಸಿ ನನ್ನನ್ನು ಕರೆಸಿಕೊಂಡವನೂ ಅವನೇ. ಕಾರಣ ನನ್ನ ಕಿವಿ. ಎಡಗಿವಿ ಹೋಗಿ ವರ್ಷವಾಯಿತು, ಬಲಗಿವಿಯೂ ಹೊರಟಿದೆ. ಮೂವತ್ತು ವರ್ಷ ಸ್ಪೀಕರ್ ಪಕ್ಕ ನಿಂತು ಕೀಬೋರ್ಡ್ ನುಡಿಸಿದ್ದಕ್ಕೆ ಸಿಕ್ಕ ಸನ್ಮಾನ! "ಸಣ್ಣ ದನಿಗಳು ಮೊದಲು ಹೋಗ್ತವೆ, ದಪ್ಪ ದನಿಗಳು ಆಮೇಲೆ" ಎಂದಿದ್ದರು ಡಾಕ್ಟರು. ಅಷ್ಟರೊಳಗೆ ಒಂದೇ ಒಂದು ಟ್ಯೂನನ್ನು, ಅದನ್ನು ಕಟ್ಟಿದವರೇ ನುಡಿಸುವಾಗ ಕೇಳಬೇಕೆಂದು ನನಗೆ ಆಸೆ.

ಕಟ್ಟಿದವರು ಇಂಗ್ಲೆಂಡಿನ ಇಬ್ಬರು. ಯಾವುದೋ ಸಣ್ಣ ಊರಿನ ಅಂಗಡಿಯ ಹಿಂದಿನ ಕೋಣೆಯಲ್ಲಿ ಸೆಕೆಂಡ್‌ಹ್ಯಾಂಡ್ ಯಂತ್ರಗಳನ್ನಿಟ್ಟುಕೊಂಡು ಶುರುಮಾಡಿದರಂತೆ. ಮೊದಲು ಖಾಲಿ ಗೋದಾಮುಗಳಲ್ಲಿ ಜನರನ್ನು ಕುಣಿಸಿದರು, ಆಮೇಲೆ ಲೋಕವನ್ನೇ ಕುಣಿಸಿದರು. ಹಾಡುಗಾರನಿಲ್ಲ, ಮಾತಿಲ್ಲ, ಬರೀ ಯಂತ್ರ. ನಮ್ಮ ತಂಡದಲ್ಲಿ ರಿದಮ್ ಪ್ಯಾಡ್ ಬಾರಿಸುತ್ತಿದ್ದ ಶ್ರೀಧರ ಈ ಇಬ್ಬರ ಕ್ಯಾಸೆಟ್ಟಿನ ಕಾಪಿಯೊಂದನ್ನು ಎಲ್ಲಿಂದಲೋ ತಂದ. ಬೆಲ್ಟ್ ಸಡಿಲವಾದ ಟೇಪ್ ರೆಕಾರ್ಡರಿನಿಂದ ಇಳಿಸಿಕೊಂಡದ್ದು, ಎಲ್ಲವೂ ನಿಧಾನ. ನಾವು ಆ ನಿಧಾನವನ್ನೇ ಕಲಿತು ಗಣೇಶನ ಪೆಂಡಾಲುಗಳಲ್ಲಿ ನುಡಿಸಿದೆವು. ನಮ್ಮನ್ನು ಕೇಳಿ ಬೇರೆ ಆರ್ಕೆಸ್ಟ್ರಾದವರೂ ಹಾಗೇ ಕಲಿತರು. ವರ್ಷಗಳ ಮೇಲೆ ಸಿ.ಡಿ.ಯಲ್ಲಿ ಅಸಲಿ ಕೇಳಿದಾಗ, "ಇವರಿಗೇನು ಬಸ್ಸು ತಪ್ಪೋಗತ್ತಾ?" ಎಂದು ನಕ್ಕಿದ್ದೆವು. ಅದರಲ್ಲೊಂದು ಹಾಡಿನ ನಡುವೆ ಬರುವ ತೆಳ್ಳನೆಯ ಕಿಣಿಕಿಣಿ ಟ್ಯೂನಿಗೆ ನಾವಿಟ್ಟ ಹೆಸರು 'ಗೆಜ್ಜೆ'. ಆಮೇಲೆ ಅಂಥ ಕಿಣಿಕಿಣಿ ಸಿನಿಮಾ ಹಾಡು, ಜಾಹೀರಾತು, ಸೀರಿಯಲ್ಲು ಎಲ್ಲದರೊಳಕ್ಕೂ ನುಗ್ಗಿತು. ಊರಲ್ಲಿ ನನ್ನನ್ನು ಗೆಜ್ಜೆ ಗೋಪಿ ಎಂದೇ ಕರೆಯುತ್ತಿದ್ದರು.

ಕೊಲ್ಲಿಯ ನೀರಿನಡಿಯ ಸುರಂಗ ಬಂದಾಗ ಅನಘಾ ಎರಡೂ ಕಿವಿಗೆ ಬೆರಳಿಟ್ಟುಕೊಂಡಳು. ರೈಲು ಕಿರುಚುತ್ತಿದೆಯಂತೆ. ನನಗೇನೋ ಗಾಡಿ ಹಾಯಾಗಿ ಹೋಗುತ್ತಿತ್ತು. "ಯು ಆರ್ ಲಕ್ಕಿ, ಅಂಕಲ್" ಎಂದಳು. ಶ್ರೀಧರ ಗದರಿದ. ಹುಡುಗಿ ಹೇಳಿದ್ದು ತಪ್ಪೇನಲ್ಲ, ಆದರೂ ಮನಸ್ಸಿಗೆ ಚುರುಕ್ ಎಂದಿತು.

ರೈಲಿಳಿದು ಬಸ್ಸು ಹಿಡಿದು, ಆ ಇಬ್ಬರ ಕಾರ್ಯಕ್ರಮವಿದ್ದ ದೊಡ್ಡದೊಂದು ಪಾರ್ಕಿಗೆ ಹೋದೆವು. ಆಗಸ್ಟಿನಲ್ಲೂ ಮಂಜು, ಸ್ವೆಟರಿನೊಳಕ್ಕೂ ನುಗ್ಗುವ ಗಾಳಿ. ಬುತ್ತಿಯನ್ನು ಒಳಗೆ ಬಿಡುವುದಿಲ್ಲವೆಂದರು. ಗೇಟಿನ ಹೊರಗೇ ನಿಂತು ಪುಳಿಯೋಗರೆ ಮುಗಿಸಿದೆವು. "ಈಗೀಗ ಅವರು ಹಾಡುಗಳನ್ನ ಒಂದಕ್ಕೊಂದು ಬೆರೆಸಿ, ಬೀಟು ಬದಲಾಯಿಸಿ ನುಡಿಸ್ತಾರೆ ಕಣೋ. ಯಾವುದು ಅಂತ ಗೆಜ್ಜೆಯಿಂದ್ಲೇ ಗುರುತು ಹಿಡೀಬೇಕು" ಎಂದು ಶ್ರೀಧರ ಮೊದಲೇ ಹೇಳಿದ.

ನಾಲ್ಕು ಗಂಟೆಗೆ ಇಬ್ಬರೂ ವೇದಿಕೆಗೆ ಬಂದರು. ನಮ್ಮ ಹಾಗೇ ತಲೆ ನರೆತ ಗಂಡಸರು. ಶುರುವಾಗುತ್ತಲೇ ಜನವೆಲ್ಲ ಕೈಯೆತ್ತಿ ಕುಣಿಯತೊಡಗಿತು, ಅನಘಾಳೂ ಹಾರಿದಳು. ಹಿಯರಿಂಗ್ ಏಡಿನಲ್ಲಿ ಬರೀ ಗೊರಗೊರ. ತೆಗೆದು ಜೇಬಿಗಿಟ್ಟೆ. ಎದೆಗೂಡಿಗೆ ದಪ್ಪ ದನಿ ಗುದ್ದುತ್ತಿತ್ತು. ಶ್ರೀಧರ ನನ್ನ ಹೆಗಲ ಮೇಲೆ ಕೈ ಹಾಕಿದ.

"ಗೆಜ್ಜೆ ಬಂತೇನೋ?" ಎಂದೆ.

ನನ್ನ ಮುಖವನ್ನೇ ನೋಡಿದ. ಆಮೇಲೆ ಬಲಗಿವಿಗೆ ಬಾಯಿಟ್ಟು, "ಇನ್ನೂ ಇಲ್ಲ. ಬರತ್ತೆ ಇರು" ಎಂದ.

ಮತ್ತೆ ಮೂರು ಸಲ ಕೇಳಿದೆ. ಮೂರು ಸಲವೂ ಅದೇ ಉತ್ತರ. ಒಂದೂವರೆ ಗಂಟೆ ಬೆರಳಲ್ಲಿ ಟ್ಯೂನನ್ನು ಸಿದ್ಧವಾಗಿಟ್ಟುಕೊಂಡು ಕಾದೆ. ಇಬ್ಬರೂ ಬಗ್ಗಿ ನಮಸ್ಕರಿಸಿ ಹೊರಟೇ ಹೋದರು.

"ಇವತ್ತು ನುಡಿಸ್ಲಿಲ್ಲ ಬಿಡು" ಎಂದ ಶ್ರೀಧರ.

ನನಗೆ ರೇಗಿಹೋಯಿತು. "ಸಮುದ್ರ ದಾಟಿ ಬಂದಿದೀನಿ, ಅದೊಂದು ನುಡಿಸೋಕೆ ಇವರಿಗೇನು ದೊಡ್ಡ ರೋಗ! ದುಡ್ಡು ಬಂದ ಮೇಲೆ ಹಳೇದೆಲ್ಲ ಮರ್ತೋಗತ್ತೆ" ಎಂದು ಬಸ್‌ಸ್ಟಾಪಿನವರೆಗೂ ಬೈಯುತ್ತಲೇ ಬಂದೆ. ಶ್ರೀಧರ ತಲೆ ತಗ್ಗಿಸಿಕೊಂಡು ನಡೆಯುತ್ತಿದ್ದ. ಅನಘಾ ನಮ್ಮಿಬ್ಬರನ್ನೂ ಪಿಳಿಪಿಳಿ ನೋಡಿ, ನನ್ನ ಬಲಗಡೆಗೆ ಬಂದು ಜೋರಾಗಿ ಹೇಳಿದಳು: "ಬಟ್ ಅಂಕಲ್, ಫಸ್ಟ್ ಸಾಂಗೇ ಅದು! ಗೆಜ್ಜೆ! ಅಪ್ಪ ವಾಸ್ ಕ್ರೈಯಿಂಗ್."

ಶ್ರೀಧರ ಮುಖ ಆಚೆ ತಿರುಗಿಸಿದ. ಅವನ ಮೇಲೆ ಕೋಪ ಬರಲಿಲ್ಲ. ನಾಲ್ಕು ಗಂಟೆಗೇ ನನಗದು ಮುಗಿದುಹೋಗಿತ್ತು. ಅವನೊಬ್ಬನೇ ಆ ಭಾರ ಹೊತ್ತು ನನ್ನ ಪಕ್ಕ ನಿಂತಿದ್ದ. ನನಗೆ ಅಳು ಬಂತು, ತಡೆಯಲು ಹೋಗಲಿಲ್ಲ.

"ಹೆಂಗೆ ನುಡಿಸಿದ್ರೋ?" ಎಂದು ಕೇಳಿದೆ.

ಅವನು ಹತ್ತಿರ ಬಂದ. ಬಸ್ಸಿಗೆ ಕಾದಿದ್ದವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ನನ್ನ ಕಿವಿಯಲ್ಲಿ ಕೂಗಿದ: "ಚೆನ್ನಾಗಿ ನುಡಿಸಿದ್ರು ಕಣೋ ಗೋಪಿ. ತುಂಬಾ ಚೆನ್ನಾಗಿ ನುಡಿಸಿದ್ರು."